ಹೊಳೆ ದಾಟುವ ಮೂರು ದಾರಿ

ತುಂಗಭದ್ರೆಯ ದಂಡೆಯ ಊರುಗಳಲ್ಲಿ ನಡುಗಡ್ಡೆಗೆ ‘ಗಡ್ಡಿ’ ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ ಇಂಥ ಎರಡು ಗಡ್ಡಿಗಳು ನಾಡಿಗೆಲ್ಲ ಗೊತ್ತು. ಒಂದು ಹಂಪಿಯ ವಿರೂಪಾಕ್ಷನ ಗುಡಿಗೆ ಎದುರಾಗಿರುವ ವಿರುಪಾಪುರ ಗಡ್ಡಿ. ಇನ್ನೊಂದು ಆನೆಗುಂದಿಯ ಬಳಿ ಹೊಳೆಯ ನಡುವೆ ಇರುವ ನವವೃಂದಾವನ ಗಡ್ಡಿ. ಆನೆಗುಂದಿಯಂತೂ ಗಡ್ಡಿಯಲ್ಲ. ಆದರೆ ಒಂದು ಬದಿಗೆ ಹೊಳೆ, ಉಳಿದ ಬದಿಗಳಿಗೆ ಬಂಡೆಗುಡ್ಡಗಳ ಸಾಲು ಇರುವ ಆ ಹಳೆಯ ರಾಜಧಾನಿಗೆ ದಕ್ಷಿಣದಿಂದ ಬರುವವರು ನೀರು ದಾಟಿಯೇ ಬರಬೇಕಿತ್ತು. ಡಿಸೆಂಬರ್, ಜನವರಿ ಬಂತೆಂದರೆ ಎರಡು ದಿನದ ರಜೆ ಹೊಂದಿಸಿಕೊಂಡು ಇಲ್ಲಿಗೆ ಬರುವವರು ಮೊದಲು ಕೇಳುವುದೂ ಅದನ್ನೇ: ಹೊಳೆ ಎಲ್ಲಿ ದಾಟಿದರೆ ಒಳ್ಳೆಯದು?

ಇದು ಪ್ರವಾಸಿಗರ ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸುಮಾರು ಏಳು ಶತಮಾನಗಳಿಂದ ಈ ಸೀಮೆಯ ರಾಜರು, ಸನ್ಯಾಸಿಗಳು, ಸರ್ಕಾರಗಳು, ನ್ಯಾಯಾಲಯಗಳು ಬೇರೆ ಬೇರೆ ರೀತಿಯಲ್ಲಿ ಉತ್ತರ ಕೊಡುತ್ತ ಬಂದಿರುವ ಪ್ರಶ್ನೆಯೂ ಇದೇ. ಎಲ್ಲಿ ದಾಟಬಹುದು, ಯಾರು ದಾಟಬಹುದು, ದೋಣಿ ಸಾಕೋ ಸೇತುವೆ ಬೇಕೋ ಎಂಬುದನ್ನು ಹೊಳೆಯೊಂದೇ ತೀರ್ಮಾನಿಸಲಿಲ್ಲ. ಯಾವ ಕಡವಿನಲ್ಲಿ ದೋಣಿ ಹತ್ತುತ್ತೇವೆ ಎಂಬುದರ ಮೇಲೆ ಯಾವ ಚರಿತ್ರೆಯೊಳಗೆ ಕಾಲಿಡುತ್ತೇವೆ ಎಂಬುದು ನಿಂತಿದೆ.

ಮೊದಲು ಒಂದು ದಿಕ್ಕಿನ ಮಾತು. ಹಂಪಿಯ ಬಗೆಗಿನ ಪುಸ್ತಕಗಳೆಲ್ಲ ಬಹುಮಟ್ಟಿಗೆ ದಕ್ಷಿಣ ದಂಡೆಯಲ್ಲಿ ನಿಂತು ಬರೆದಂಥವು. ಹೊಸಪೇಟೆಯಲ್ಲಿ ಇಳಿದು, ಕಮಲಾಪುರದ ಮೇಲೆ ಹಾಯ್ದು, ಹಂಪಿ ನೋಡಿ, ಸಮಯ ಉಳಿದರೆ ‘ಆಚೆ ದಂಡೆ’ಗೆ ಹೋಗಿಬರುವುದು ಅವುಗಳ ಕ್ರಮ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಜನಕ್ಕೆ ಇದು ತಲೆಕೆಳಗು. ಅವರು ಗಂಗಾವತಿಗೋ ಹುಲಿಗಿಗೋ ಬಂದರೆ ಆಗಲೇ ಉತ್ತರ ದಂಡೆಯ ಸೀಮೆಯಲ್ಲಿರುತ್ತಾರೆ. ಅವರಿಗೆ ಆಚೆ ದಂಡೆ ಎಂದರೆ ಹಂಪಿ. ಚರಿತ್ರೆಯೂ ಹೆಚ್ಚುಕಡಿಮೆ ಅವರ ದಿಕ್ಕಿನಲ್ಲೇ ನಡೆದಿದೆ. ರಾಜ್ಯ ಉತ್ತರ ದಂಡೆಯಿಂದ ದಕ್ಷಿಣಕ್ಕೆ ದಾಟಿತು.

ವಿಜಯನಗರ ಹುಟ್ಟುವ ಮೊದಲು ಈ ಸೀಮೆ ಕಂಪಿಲಿಯ ಅರಸರದು. ಗಂಗಾವತಿಗೆ ಹತ್ತಿರದ ಕುಮ್ಮಟದುರ್ಗ ಅವರ ಕೋಟೆ. ಕುಮಾರರಾಮನ ಕಥೆ ಇಂದಿಗೂ ಈ ಭಾಗದ ಜನರ ಬಾಯಲ್ಲಿದೆ. 1327ರ ಹೊತ್ತಿಗೆ ದೆಹಲಿಯ ತುಘಲಕ್ ಸೈನ್ಯಕ್ಕೆ ಕಂಪಿಲಿ ಬಿತ್ತು. ಅದಾದ ಮೇಲೆ 1336ರಲ್ಲಿ ಹರಿಹರ, ಬುಕ್ಕರು ಹೊಸ ರಾಜ್ಯ ಕಟ್ಟಿದರೆಂಬುದು ಪರಂಪರೆಯ ಮಾತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಈ ಕಥೆಯನ್ನು ಕೇಳಿ ಬರೆದಿಟ್ಟ. ಆನೆಗುಂದಿಯ ಅರಸ ಹೊಳೆಯ ಆಚೆಗೆ ಬೇಟೆಗೆ ಹೋಗುತ್ತಾನೆ. ಅಲ್ಲಿ ನಾಯಿಗಳಿಗೆ ಹೆದರಿ ಓಡಬೇಕಾದ ಮೊಲ ತಿರುಗಿಬಿದ್ದು ನಾಯಿಗಳನ್ನೇ ಕಚ್ಚುತ್ತದೆ. ಬೆರಗಾಗಿ ಮರಳುವ ಅರಸನಿಗೆ ಹೊಳೆಯ ದಂಡೆಯಲ್ಲಿ ಒಬ್ಬ ತಪಸ್ವಿ ಸಿಗುತ್ತಾನೆ. ಆ ನೆಲದಲ್ಲೇ ಊರು ಕಟ್ಟು ಎನ್ನುತ್ತಾನೆ.

ಮೊಲ ನಾಯಿಯನ್ನು ಕಚ್ಚಿದ ಕಥೆ ಬೇರೆ ಊರುಗಳಿಗೂ ಇದೆ. ‘ಗಂಡುಭೂಮಿ’ಯ ಗುರುತಾಗಿ ಅದು ಓಡಾಡುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕಥೆಯ ಭೂಗೋಳ. ಅರಸನ ಮನೆ ಆನೆಗುಂದಿಯಲ್ಲಿದೆ, ಕಾಡು ಆಚೆಗಿದೆ, ನಡುವೆ ಹೊಳೆಯಿದೆ. ಉತ್ತರದಿಂದ ಬರುವ ದಂಡಿಗೆ ಆನೆಗುಂದಿ ಹೊಳೆಯ ಈಚೆಗೇ ಸಿಕ್ಕುಬಿಡುತ್ತಿತ್ತು. ಹೊಸ ಪಟ್ಟಣಕ್ಕೆ ಅದೇ ಹೊಳೆ ಕಂದಕವಾಯಿತು. ಬಂಡೆಗಳ ನಡುವೆ ಸುತ್ತಿ ಬಳಸಿ ಹರಿಯುವ, ಕಡಿಮೆ ನೀರಿನಲ್ಲೂ ಸುಳಿ ಬಿಡದ ತುಂಗಭದ್ರೆಯ ಬೆನ್ನಿಗೆ ರಾಜಧಾನಿ ನಿಂತಿತು. ಹಾಗೆಂದು ಹಳೆಯ ಮನೆಯನ್ನು ಬಿಟ್ಟುಕೊಡಲೂ ಇಲ್ಲ. ಎರಡನ್ನೂ ಕೂಡಿಸುತ್ತಿದ್ದದ್ದು ಒಂದು ಕಡವು. ದಕ್ಷಿಣ ದಂಡೆಯಲ್ಲಿ ಅದು ತಳವಾರಘಟ್ಟ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಇಲ್ಲಿಗೆ ಬಂದಿದ್ದ ಡೊಮಿಂಗೊ ಪಾಯೆಸ್ ಆನೆಗುಂದಿಯನ್ನು ಮರೆಯದೆ ಬರೆದಿದ್ದಾನೆ. ಅದು ಹಿಂದೆ ರಾಜಧಾನಿಯಾಗಿತ್ತಂತೆ, ಈಗ ಅಲ್ಲಿ ಜನ ಕಡಿಮೆ, ಗಟ್ಟಿ ಗೋಡೆಗಳಿವೆ, ಬೆಟ್ಟಗಳ ನಡುವೆ ಇರುವ ಆ ಊರಿಗೆ ಎರಡೇ ಬಾಗಿಲು, ರಾಜನ ಒಬ್ಬ ನಾಯಕ ಅಲ್ಲಿರುತ್ತಾನೆ ಎನ್ನುತ್ತಾನೆ. ಆಮೇಲೆ ಅವನ ಕಣ್ಣು ದೋಣಿಯ ಮೇಲೆ ಬೀಳುತ್ತದೆ. ಜನ ಬುಟ್ಟಿಯಂಥ ದುಂಡನೆಯ ದೋಣಿಗಳಲ್ಲಿ ದಾಟುತ್ತಾರೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು, ಹೆಚ್ಚಾಗಿ ಅವು ಈಜಿಕೊಂಡೇ ದಾಟುತ್ತವೆ. ಈ ದೋಣಿ ನೇರ ಹೋಗಲಾರದು, ತಿರುಗುತ್ತಲೇ ಇರುತ್ತದೆ. ಕಡಲು ದಾಟಿ ಬಂದ ಮನುಷ್ಯನಿಗೆ ತಳದಲ್ಲಿ ದಿಂಡಿಲ್ಲದ, ಮುಂದು-ಹಿಂದು ಇಲ್ಲದ ದೋಣಿ ಸೋಜಿಗವಾಗಿ ಕಂಡಿರಬೇಕು. ರಾಬರ್ಟ್ ಸಿವೆಲ್ 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಪಾಯೆಸ್ ಮತ್ತು ನೂನಿಜ್ ಇಬ್ಬರ ಬರಹಗಳನ್ನೂ ಇಂಗ್ಲಿಷಿಗೆ ತಂದ. ಚಕ್ರವರ್ತಿಯ ವೈಭವದ ಪಕ್ಕದಲ್ಲೇ ಈ ಬುಟ್ಟಿದೋಣಿಯೂ ಜಗತ್ತಿನ ಓದುಗರಿಗೆ ಸಿಕ್ಕಿತು.

ಪಾಯೆಸ್ ಬುಟ್ಟಿ ಎಂದದ್ದು ನಮ್ಮ ಹರಿಗೋಲು. ಬೆತ್ತಕ್ಕೆ ಬದಲು ಬಿದಿರು, ಚರ್ಮಕ್ಕೆ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಆಕಾರ ಮಾತ್ರ ಬದಲಾಗಿಲ್ಲ, ಅದಕ್ಕೆ ಕಾರಣವೂ ಇದೆ. ಈ ಹೊಳೆಯ ತಳ ಮರಳಲ್ಲ, ಬಂಡೆ. ಉದ್ದನೆಯ ದೋಣಿಯ ತಳ ಎಲ್ಲಾದರೂ ಸಿಕ್ಕಿಕೊಂಡರೆ ಹೊಳೆ ಅದನ್ನು ಅಡ್ಡ ತಿರುಗಿಸಿ ಮಗುಚುತ್ತದೆ. ಹರಿಗೋಲಿಗೆ ಅಡ್ಡವೇ ಇಲ್ಲ. ಬಂಡೆಗೆ ತಾಗಿದರೆ ಒಂದು ಸುತ್ತು ತಿರುಗಿ ಜಾರಿಕೊಳ್ಳುತ್ತದೆ. ಮೊಳಕಾಲುದ್ದದ ನೀರಿನಲ್ಲೂ ತೇಲುತ್ತದೆ. ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಸೆಳೆವು ಕೆಳಗೆ ಒಯ್ಯುತ್ತದೆಂದು ಗೊತ್ತಿರುವುದರಿಂದ ಇಳಿಯಬೇಕಾದ ಜಾಗಕ್ಕಿಂತ ಮೇಲೆಯೇ ಹೊರಡುತ್ತಾನೆ. ಕೆಲಸ ಮುಗಿದ ಮೇಲೆ ಖಾಲಿ ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ದಂಡೆಗುಂಟ ನಡೆಯುತ್ತಾನೆ. ಹೊಳೆಯ ಸ್ವಭಾವ ಬಲ್ಲವರ ಲೆಕ್ಕವೆಲ್ಲ ಆ ದುಂಡು ಆಕಾರದೊಳಗೆ ಸೇರಿದೆ.

ಕನ್ನಡ ಸಾಹಿತ್ಯದಲ್ಲಿ ಅಂಬಿಗನಿಗೆ ದೊಡ್ಡ ಜಾಗ ಸಿಕ್ಕಿರುವುದು ಸುಮ್ಮನೆ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ಅಂಕಿತ ಮಾಡಿಕೊಂಡು ವಚನ ಬರೆದ. ಬೇರೆ ಶರಣರು ತಮ್ಮ ದೇವರ ಹೆಸರಿನಲ್ಲಿ ಮಾತು ಮುಗಿಸಿದರೆ, ಈತ ತನ್ನ ಹೆಸರಿನಲ್ಲೇ ಮುಗಿಸಿದ. ಹದಿನಾರನೆಯ ಶತಮಾನದಲ್ಲಿ ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದು, ದೇಹವನ್ನು ತೂತುಬಿದ್ದ ಹರಿಗೋಲಾಗಿ ಕಂಡರು. ಅವರ ಹೆಸರಿನ ಮಂಟಪ ಹಂಪಿಯಲ್ಲಿ ವಿಠ್ಠಲ ದೇವಾಲಯದ ಸಮೀಪ, ಹೊಳೆಯ ಅಂಚಿನಲ್ಲೇ ಇದೆ. ಮಳೆಗಾಲದಲ್ಲಿ ಅದು ನೀರಿನಲ್ಲಿ ಮುಳುಗುತ್ತದೆ. ಅದರ ಹತ್ತಿರವೇ ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ವಿಜಯನಗರ ಕಾಲದ ಸೇತುವೆಯೊಂದರ ಅವಶೇಷ ಅದು. ಸೇತುವೆ ಕಟ್ಟುವ ಆಸೆ ನಮ್ಮ ಕಾಲದ್ದಷ್ಟೇ ಅಲ್ಲ. ಆ ಸೇತುವೆ ಹೋಗಿ ಕಂಬಗಳು ಮಾತ್ರ ಉಳಿದವು, ಹರಿಗೋಲು ನಡೆಯುತ್ತಲೇ ಇತ್ತು.

ಎರಡನೆಯ ದಾರಿ ಆನೆಗುಂದಿಯಿಂದ ನವವೃಂದಾವನ ಗಡ್ಡಿಗೆ ಹೋಗುವುದು. ಅಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನಗಳಿವೆ. ಅವರಲ್ಲಿ ಹಿರಿಯರು ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರು. ಅವರು ವೃಂದಾವನಸ್ಥರಾದದ್ದು 1324ರಲ್ಲಿ ಎನ್ನುತ್ತಾರೆ. ಅಂದರೆ ಆಚೆ ದಂಡೆಯಲ್ಲಿ ರಾಜಧಾನಿ ಏಳುವ ಮೊದಲೇ ಈ ಗಡ್ಡಿ ಪುಣ್ಯಸ್ಥಳವಾಗಿತ್ತು. ನಡುವೆ ಇರುವುದು ವ್ಯಾಸರಾಯರ ವೃಂದಾವನ. ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದ, ಪುರಂದರ-ಕನಕರಿಗೆ ಗುರುವೆಂದು ಪರಂಪರೆ ನೆನೆಯುವ ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಗುರು ಸುಧೀಂದ್ರತೀರ್ಥರ ವೃಂದಾವನವೂ ಇಲ್ಲಿದೆ.

ಆರಾಧನೆಯ ದಿನಗಳನ್ನು ಬಿಟ್ಟರೆ ಅಲ್ಲಿ ಹೆಚ್ಚು ಜನರಿರುವುದಿಲ್ಲ. ಆ ಏಕಾಂತವೇ ಅದರ ಚೆಲುವು, ಅದೇ ಅದರ ಅಪಾಯ ಕೂಡ. 2019ರ ಜುಲೈನಲ್ಲಿ ನಿಧಿಯಾಸೆಗೆ ಬಿದ್ದವರು ರಾತ್ರಿ ಹೊಳೆ ದಾಟಿ ವ್ಯಾಸರಾಯರ ವೃಂದಾವನವನ್ನು ಕೆಡವಿ ಅಗೆದರು. ಸುದ್ದಿ ತಿಳಿಯುತ್ತಲೇ ಬೇರೆ ಬೇರೆ ಮಠಗಳವರು, ಭಕ್ತರು ಬಂದು ಕೂಡಿದರು. ಕಲ್ಲುಗಳನ್ನು ಮತ್ತೆ ಜೋಡಿಸಿ ಕೆಲವೇ ದಿನಗಳಲ್ಲಿ ವೃಂದಾವನವನ್ನು ಎದ್ದು ನಿಲ್ಲಿಸಿದರು. ಪೂಜೆಯ ಹಕ್ಕಿಗಾಗಿ ಮಠಗಳ ನಡುವೆ ವ್ಯಾಜ್ಯವಿದ್ದ ಜಾಗದಲ್ಲೇ ಇದು ನಡೆಯಿತು. ವಿಜಯನಗರ 1565ರಲ್ಲಿ ಬಿದ್ದಿತೆಂದು ನಾವು ಪಾಠದಲ್ಲಿ ಓದುತ್ತೇವೆ. ನಿಧಿಗಾಗಿ ಅದನ್ನು ಕೆಡವುವ ಕೆಲಸ ಇನ್ನೂ ನಿಂತಿಲ್ಲವೆಂದು ಈ ಗಡ್ಡಿ ನೆನಪಿಸುತ್ತದೆ.

ರಾಜಧಾನಿ ಹಾಳಾದ ಮೇಲೆ ಕಡವಿನ ಅರ್ಥವೇ ಬದಲಾಯಿತು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಅಂದಿನಿಂದ ಹಂಪಿ ಮದ್ರಾಸ್ ಪ್ರಾಂತ್ಯದ್ದು, ಆನೆಗುಂದಿ ಹೈದರಾಬಾದ್ ಸಂಸ್ಥಾನದ್ದು. ಒಂದೇ ಪಟ್ಟಣದ ಎರಡು ಭಾಗಗಳ ನಡುವಿನ ಹೊಳೆ ಎರಡು ಆಡಳಿತಗಳ ಗಡಿಯಾಯಿತು. ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಆಚೆಗೆ ಇಳಿದವರಿಗೆ ನಾಣ್ಯ, ಕಚೇರಿಯ ಭಾಷೆ, ಕಾನೂನು ಎಲ್ಲ ಬೇರೆ. 1947ರ ಆಗಸ್ಟಿನಲ್ಲಿ ದಕ್ಷಿಣ ದಂಡೆಗೆ ಸ್ವಾತಂತ್ರ್ಯ ಬಂತು. ಉತ್ತರ ದಂಡೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಕಾಯಬೇಕಾಯಿತು. ಆ ಹದಿಮೂರು ತಿಂಗಳು ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯ ಹೋರಾಟಗಾರರು ಗಡಿಯಾಚೆಗೆ, ಮುಂಡರಗಿ, ಗಜೇಂದ್ರಗಡಗಳಂಥ ಊರುಗಳಲ್ಲಿ ಶಿಬಿರ ಹೂಡಿ ಹೋರಾಡಿದರು. ಗಡಿ ದಾಟುವುದು ಎಂದರೆ ಜೀವ ಉಳಿಸಿಕೊಳ್ಳುವುದು ಎಂಬ ಅರ್ಥ ಆಗ ಬಂದಿತ್ತು.

ಹೊಳೆಯ ಈ ಎರಡು ತಲೆಯ ಆಡಳಿತ ಕಲ್ಲಿನಲ್ಲೇ ಉಳಿದಿದೆ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ದಂಡೆಗಳಲ್ಲಿ ಎರಡು ಅಡಿಗಲ್ಲು ಬಿದ್ದವು. ಉತ್ತರದಲ್ಲಿ ಹೈದರಾಬಾದಿನ ಬೀರಾರ್ ರಾಜಕುಮಾರ, ದಕ್ಷಿಣದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಕಟ್ಟಡ ಬಳಕೆಗೆ ಬಂದ 1953ರಲ್ಲಿ ನಿಜಾಮನ ಆಳ್ವಿಕೆಯೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. ಅದೇ ವರ್ಷ ಬಳ್ಳಾರಿಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೂ ಸೇರಿದಾಗ ಹಂಪಿ ಮತ್ತು ಆನೆಗುಂದಿ ಬಹುಕಾಲದ ಮೇಲೆ ಮತ್ತೆ ಒಂದೇ ರಾಜ್ಯದಲ್ಲಿ ಕೂಡಿದವು. ಜಿಲ್ಲೆಗಳ ಗಡಿ ಮಾತ್ರ ಇಂದಿಗೂ ಹೊಳೆಯ ನಡುವೆಯೇ ಹಾಯುತ್ತದೆ.

ಚಳಿಗಾಲವೇ ಏಕೆ ಎಂಬುದಕ್ಕೂ ಉತ್ತರ ಆ ಅಣೆಕಟ್ಟಿನಲ್ಲಿದೆ. ಮಲೆನಾಡಿನಲ್ಲಿ ಮಳೆ ಹಿಡಿದು ಜಲಾಶಯ ತುಂಬಿದರೆ 33 ಕ್ರೆಸ್ಟ್ ಗೇಟುಗಳ ಮೂಲಕ ನೀರು ಬಿಡುತ್ತಾರೆ. ಆಗ ದೋಣಿಗಳು ನಿಲ್ಲುತ್ತವೆ, ಕಂಪ್ಲಿಯ ಸೇತುವೆ ಮುಳುಗುತ್ತದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಕೆಳಗಿನ ಊರುಗಳು ಉಸಿರು ಬಿಗಿಹಿಡಿದಿದ್ದವು. ಡಿಸೆಂಬರ್ ಹೊತ್ತಿಗೆ ಹೊಳೆ ಇಳಿದು ಶಾಂತವಾಗಿರುತ್ತದೆ, ಬಂಡೆಗಳು ಮೇಲೆದ್ದಿರುತ್ತವೆ, ಬಿಸಿಲು ತಡೆದುಕೊಳ್ಳುವಂತಿರುತ್ತದೆ. ಅಂಬಿಗರ ಸುಗ್ಗಿಯೂ ಆಗಲೇ. ಅಂಜನಾದ್ರಿಗೆ ಹನುಮಮಾಲೆ ಧರಿಸಿದವರು ಸಾವಿರಗಟ್ಟಲೆ ಬರುವುದೂ, ಕೊಪ್ಪಳದ ಗವಿಮಠದ ಜಾತ್ರೆ ಕೂಡುವುದೂ ಈ ಎರಡು ತಿಂಗಳಲ್ಲೇ.

ಇನ್ನು ಸೇತುವೆಯ ಮಾತು. ಆನೆಗುಂದಿಯವರಿಗೆ ಹೊಳೆ ದಾಟುವುದು ವಿಹಾರವಲ್ಲ. ಹೊಸಪೇಟೆಯ ಆಸ್ಪತ್ರೆ, ಕಾಲೇಜು, ಸಂತೆ ಕಣ್ಣಿಗೆ ಕಾಣುವ ಗುಡ್ಡದ ಆಚೆಗಿದ್ದರೂ ದೋಣಿ ನಿಂತರೆ ಹತ್ತಾರು ಕಿಲೋಮೀಟರ್ ಸುತ್ತು. ಬೈಕು, ಭತ್ತದ ಮೂಟೆ, ಶಾಲೆಯ ಮಕ್ಕಳು ಒಂದೇ ಹರಿಗೋಲಿನಲ್ಲಿ ದಾಟುತ್ತಿದ್ದ ಕಾಲವದು. 1990ರ ದಶಕದಲ್ಲಿ ಸರ್ಕಾರ ತಳವಾರಘಟ್ಟ ಮತ್ತು ಆನೆಗುಂದಿಯ ನಡುವೆ ವಾಹನ ಸೇತುವೆಯನ್ನೂ, ವಿರುಪಾಪುರ ಗಡ್ಡಿಗೆ ಕಾಲುಸೇತುವೆಯನ್ನೂ ಕಟ್ಟಲು ತೊಡಗಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯನ್ನು ಯುನೆಸ್ಕೊ ಈ ಸೇತುವೆಗಳ ಕಾರಣಕ್ಕೆ 1999ರಲ್ಲಿ ‘ಅಪಾಯದಲ್ಲಿರುವ ತಾಣಗಳ’ ಪಟ್ಟಿಗೆ ಸೇರಿಸಿತು. ಭಾರೀ ವಾಹನಗಳು ಸ್ಮಾರಕಗಳ ನಡುವೆ ನುಗ್ಗುತ್ತವೆ, ಹೊಳೆಯ ನೋಟವೇ ಕೆಡುತ್ತದೆ ಎಂಬುದು ಆಕ್ಷೇಪ. ಗಡ್ಡಿಯ ಕಾಲುಸೇತುವೆಯನ್ನು ಕಳಚಲಾಯಿತು. ನಿರ್ವಹಣೆಗೆಂದು ಪ್ರಾಧಿಕಾರವೊಂದು ರೂಪುಗೊಂಡಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ನಿಂತಿದ್ದ ಆನೆಗುಂದಿ ಸೇತುವೆಯ ಕೆಲಸ ಮತ್ತೆ ಮುಂದುವರಿದು, ಮುಗಿಯುವ ಹೊತ್ತಿಗೆ, 2009ರ ಜನವರಿಯಲ್ಲಿ ಕುಸಿದುಬಿತ್ತು. ಕೆಲಸಗಾರರು ಜೀವ ಕಳೆದುಕೊಂಡರು. ಕೊನೆಗೆ ವಾಹನಗಳು ದಾಟುವಂತಾದದ್ದು ಸ್ಮಾರಕಗಳಿಂದ ದೂರ, ಕೆಳಹೊಳೆಯಲ್ಲಿ, ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವಿನ ಸೇತುವೆಯಿಂದ.

ಈ ವಾದದಲ್ಲಿ ಯಾರ ಪಕ್ಷ ಹಿಡಿಯುವುದೂ ಸುಲಭವಲ್ಲ. ಪಾಯೆಸ್ ಕಂಡ ಹೊಳೆಯನ್ನೇ ನಾವೂ ನೋಡಬೇಕೆಂಬ ಆಸೆ ನ್ಯಾಯವಾದದ್ದು. ಆದರೆ ನಮ್ಮ ನೋಟ ಕೆಡದಿರಲೆಂದು ರಾತ್ರಿ ಹೆರಿಗೆನೋವು ಬಂದ ಹೆಂಗಸು ಸುತ್ತುದಾರಿ ಹಿಡಿಯಲಿ ಎನ್ನುವುದು ನ್ಯಾಯವಲ್ಲ. ಸೇತುವೆಯನ್ನು ದೂರಕ್ಕೆ ಒಯ್ದದ್ದು ಒಂದು ರಾಜಿ. ಅದರಿಂದ ಊರವರಿಗೆ ರಸ್ತೆ ಸಿಕ್ಕಿತು, ಸ್ಮಾರಕಗಳಿಗೆ ಮೌನ ಉಳಿಯಿತು. ಅಂಬಿಗರಿಗೆ ಮಾತ್ರ ಪ್ರಯಾಣಿಕರು ಹೋಗಿ ಪ್ರವಾಸಿಗರು ಉಳಿದರು. ದಿನದಿನದ ಕಾಯಕ ಋತುವಿನ ದುಡಿಮೆಯಾಯಿತು.

ಮೂರನೆಯ ದಾರಿ ವಿರೂಪಾಕ್ಷನ ಗುಡಿಯ ಹಿಂದಿನ ಘಟ್ಟದಿಂದ ವಿರುಪಾಪುರ ಗಡ್ಡಿಗೆ. ಇದು ಎಲ್ಲಕ್ಕಿಂತ ಚಿಕ್ಕ ದಾಟು, ಹೆಚ್ಚು ಹೆಸರಾದದ್ದೂ ಇದೇ. ಗದ್ದೆಗಳ ನಡುವೆ ಗುಡಿಸಲುಗಳು, ಊಟದ ಮನೆಗಳು ಎದ್ದು, ವಿದೇಶದಿಂದ ಬಂದವರು ವಾರಗಟ್ಟಲೆ ಉಳಿದು, ಗಡ್ಡಿಗೆ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರು ಅಂಟಿಕೊಂಡಿತು. 2019ರ ಆಗಸ್ಟಿನ ನೆರೆಯಲ್ಲಿ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದರು. ರಕ್ಷಣೆಗೆ ಹೋದ ದೋಣಿಯೇ ಮಗುಚಿತು, ಹೆಲಿಕಾಪ್ಟರ್ ಬರಬೇಕಾಯಿತು. ಉತ್ತರದ ಕಡೆಯಿಂದ ರಸ್ತೆ ಇದ್ದುದರಿಂದ ಅದು ಗಡ್ಡಿ ಎಂಬುದನ್ನೇ ಜನ ಮರೆತಿದ್ದರು. ಹೊಳೆ ಮರೆತಿರಲಿಲ್ಲ.

ಪರಂಪರೆ ಪ್ರದೇಶದೊಳಗೆ ಅನುಮತಿಯಿಲ್ಲದೆ ಎದ್ದ ಈ ರೆಸಾರ್ಟುಗಳ ವಿವಾದ ವರ್ಷಗಟ್ಟಲೆ ನಡೆಯಿತು. 2015ರಲ್ಲಿ ಹೈಕೋರ್ಟ್ ತೆರವಿನ ಪರ ನಿಂತಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ದಿನಗಳಲ್ಲಿ ಬುಲ್ಡೋಜರುಗಳು ಬಂದವು. ಕೆಲವೇ ವಾರಗಳಲ್ಲಿ ಕೊರೋನಾ ಲಾಕ್‌ಡೌನ್ ಬಂದು, ಕೆಲಸ ಕಳೆದುಕೊಂಡವರು ಬೇರೆ ಕಡೆ ಹುಡುಕಿಕೊಳ್ಳುವ ದಾರಿಯೂ ಮುಚ್ಚಿತು. ವ್ಯಾಪಾರ ಸಾಣಾಪುರದ ಕಡೆಗೆ ಸರಿಯಿತು. ಕಾಲುವೆ ನೀರಿನ ಅಲ್ಲಿನ ಕೆರೆಯಲ್ಲಿ ಈಗ ಹರಿಗೋಲುಗಳು ಎಲ್ಲಿಗೂ ದಾಟಿಸದೆ, ಫೋಟೋಕ್ಕಾಗಿ ಗಿರಗಿರ ತಿರುಗುತ್ತವೆ. ಪಾಯೆಸ್ ಕೊರತೆಯೆಂದು ಬರೆದದ್ದು ಇಂದು ದುಡ್ಡು ಕೊಟ್ಟು ಪಡೆಯುವ ಮೋಜಾಗಿದೆ.

ಹಾಗಾದರೆ ಎರಡು ದಿನವಿರುವವರು ಯಾವ ದಾರಿ ಹಿಡಿಯಬೇಕು? ಗಡ್ಡಿಯ ದಾಟು ಅನುಕೂಲದ್ದು. ವಿರೂಪಾಕ್ಷನ ಗೋಪುರ ಹೊಳೆಯ ಮೇಲಿನಿಂದ ಕಾಣುವ ಬಗೆಗೆ ಅದಕ್ಕೆ ಸಾಟಿಯಿಲ್ಲ. ಆದರೆ ಒಂದೇ ಸಲ ದಾಟುವುದಾದರೆ ನಾನು ಹೇಳುವುದು ತಳವಾರಘಟ್ಟದ ಕಡವು, ಅದೂ ಉತ್ತರದಿಂದ ದಕ್ಷಿಣಕ್ಕೆ. ಮೊದಲ ದಿನ ಗಂಗಾವತಿಯ ಕಡೆಯಿಂದ ಆನೆಗುಂದಿಗೆ ಬನ್ನಿ. ಕೋಟೆಬಾಗಿಲು, ಗಗನಮಹಲು, ರಂಗನಾಥನ ಗುಡಿ, ಹೊಳೆದಂಡೆಯ ಚಿಂತಾಮಣಿ ನೋಡಿ. ಮಧ್ಯಾಹ್ನ ನವವೃಂದಾವನಕ್ಕೆ ಹೋಗಿಬನ್ನಿ, ಸಂಜೆಯೊಳಗೆ ಮರಳಿ. ಕತ್ತಲಾದ ಮೇಲೆ ದೋಣಿ ಇರುವುದಿಲ್ಲ. ಮರುದಿನ ಬೆಳಿಗ್ಗೆ ಹೊಳೆ ದಾಟಿ ತಳವಾರಘಟ್ಟದ ಹೆಬ್ಬಾಗಿಲಿನಿಂದ ವಿಜಯನಗರದೊಳಗೆ ನಡೆಯಿರಿ. ಆಗ ಹಂಪಿ ಬಸ್‌ಸ್ಟ್ಯಾಂಡಿನಿಂದ ಶುರುವಾಗುವ ಹಾಳೂರಾಗಿ ಕಾಣುವುದಿಲ್ಲ. ಹಳೆಯ ಮನೆಯಲ್ಲಿ ಇರಲಾರದೆ, ಅದನ್ನು ಬಿಡಲೂ ಆರದೆ, ನೀರನ್ನು ನಡುವೆ ಇಟ್ಟುಕೊಂಡು ಕಟ್ಟಿದ ಊರಾಗಿ ಕಾಣುತ್ತದೆ.

ಹೊರಡುವ ಮೊದಲು ದೋಣಿ ನಡೆಯುತ್ತಿದೆಯೇ ಎಂದು ಅಂದೇ ದಂಡೆಯಲ್ಲಿ ಕೇಳಿಕೊಳ್ಳಿ. ಅಣೆಕಟ್ಟಿನವರು ನೀರು ಬಿಟ್ಟಿದ್ದರೆ, ಅಂಬಿಗ ಬೇಡವೆಂದರೆ, ಹೆಚ್ಚು ಹಣದ ಆಸೆ ತೋರಿಸಿ ಒತ್ತಾಯಿಸಬೇಡಿ. ಕಡೆಬಾಗಿಲಿನ ಸೇತುವೆಯ ಮೇಲೆ ಹೋದರಾಯಿತು, ಅದಕ್ಕೂ ಒಂದು ಚರಿತ್ರೆಯಿದೆ.